ನೆರಳಿಗೊಂದು ಎನ್‌ಒಸಿ

ಮೂರು ವರ್ಷದ ಹಿಂದೆ, ಪುಣೆಯಿಂದ ಎರಡೂವರೆ ತಾಸು ದೂರದ ಘಟ್ಟದಲ್ಲಿ, ಒಂದು ರಸ್ತೆ ಕಂಪನಿಯ ಸೈಟಿನಲ್ಲಿ ನಾನು ಲೈಸನ್ ಅಧಿಕಾರಿಯಾಗಿದ್ದೆ. ಕಂಪನಿ, ಸರ್ಕಾರಿ ಕಚೇರಿ, ಊರಿನ ಜನ ಈ ಮೂವರ ನಡುವೆ ಮನಸ್ತಾಪ ಬಾರದಂತೆ ಓಡಾಡುವ ಕೆಲಸ. ಅರವತ್ತು ದಾಟಿದ್ದರೂ ವರ್ಷವರ್ಷಕ್ಕೆ ಕಾಂಟ್ರಾಕ್ಟ್ ಮೇಲೆ ನನ್ನನ್ನು ಇಟ್ಟುಕೊಂಡಿದ್ದರು. ಬಿಡುವುದಾದರೂ ಹೇಗೆ? ತಹಶೀಲ್ದಾರರ ಕಚೇರಿಯಲ್ಲಿ ಯಾವ ಫೈಲು ಯಾವ ಮೇಜಿನ ಮೇಲೆ ಮಲಗಿದೆಯೆಂದು ಪುಣೆಯ ಸದಾಶಿವ ಪೇಠದ ನನ್ನ ಮನೆಯಲ್ಲಿ ಕೂತೇ ಹೇಳುತ್ತಿದ್ದೆ. ನನ್ನಂಥವನು ಜಿಲ್ಲೆಯಲ್ಲಿ ಮತ್ತೊಬ್ಬನಿರಲಿಲ್ಲ. ಬೇಕಿದ್ದರೆ ನನ್ನನ್ನೇ ಕೇಳಿ.

ಆ ಫೆಬ್ರವರಿಯಲ್ಲಿ ಹೆಡ್ ಆಫೀಸು ಸವಿತಾ ಎಂಬ ಇಂಟರ್ನ್ ಹುಡುಗಿಯನ್ನು ಕಳಿಸಿತು. ಯಾದಗಿರಿ ಕಡೆಯವಳು. ಅಪ್ಪ ಅವ್ವ ಗಾರೆ ಕೆಲಸಕ್ಕೆ ಬಂದು ಪುಣೆಯ ಕೊಂಢವಾದಲ್ಲಿ ನೆಲೆಸಿದವರು. ಪಬ್ಲಿಕ್ ರಿಲೇಷನ್ಸ್ ಓದುತ್ತಿದ್ದಳು. ನಮ್ಮ ಕನ್ನಡದ ಹುಡುಗಿ ಎಂದು ಮೊದಲ ದಿನ ಖುಷಿಪಟ್ಟೆ. ನಾಲ್ಕನೇ ದಿನಕ್ಕೆ ಹೊಟ್ಟೆ ಉರಿಯತೊಡಗಿತು. ಆರು ವರ್ಷದಿಂದ ನನಗೆ ಅರ್ಧ ಕಪ್ ಚಹಾ ಕೊಡುತ್ತಿದ್ದ ತಲಾಠಿ, ಅಂದರೆ ಊರಿನ ಭೂದಾಖಲೆ ನೋಡುವವ, ಅವಳಿಗೆ ಪೂರ್ತಿ ಕಪ್ಪು, ಜೊತೆಗೆ ಬಿಸ್ಕೀಟು ಕೊಟ್ಟ. ಸೈಟ್ ಮ್ಯಾನೇಜರ್ ಶೆಟ್ಟರು ಮೀಟಿಂಗಿನಲ್ಲಿ ನನ್ನ ಮಾತು ಮುಗಿಯುವ ಮೊದಲೇ ಅವಳತ್ತ ತಿರುಗಿ, "ನಿಮಗೆ ಏನನ್ಸ್ತದೆ?" ಎನ್ನುತ್ತಿದ್ದರು. ನನಗೇನನಿಸುತ್ತದೆಂದು ಅವರು ಒಂದು ದಿನವೂ ಕೇಳಿರಲಿಲ್ಲ. ನಾನೇ ಹೇಳುತ್ತಿದ್ದೆ.

ಆಗ ನಮ್ಮ ತಲೆಯ ಮೇಲೆ ಒಂದು ಕತ್ತಿ ತೂಗುತ್ತಿತ್ತು. ನಮ್ಮ ಕಾಂಕ್ರೀಟ್ ಪ್ಲಾಂಟ್ ಇದ್ದದ್ದು ಊರಿನ ಜಾಗದಲ್ಲಿ. ಪರವಾನಗಿ ಮಾರ್ಚ್ ಕೊನೆಗೆ ಮುಗಿಯುತ್ತಿತ್ತು. ಮುಂದುವರಿಸಲು ಗ್ರಾಮಸಭೆ ಕೈಯೆತ್ತಿ ಠರಾವು ಪಾಸು ಮಾಡಬೇಕು. ಎರಡು ಸಭೆಗಳಲ್ಲಿ ಹಿಂದೆ ಕೂತ ಹೆಂಗಸರು ಕೈಯೆತ್ತಲೇ ಇಲ್ಲ, ಠರಾವು ಬಿದ್ದುಹೋಯಿತು. ಮೂರನೆಯದೂ ಹಾಗೇ ಆದರೆ ಪ್ಲಾಂಟೂ ಹೋಗುತ್ತಿತ್ತು, ನನ್ನ ಕಾಂಟ್ರಾಕ್ಟೂ ಹೋಗುತ್ತಿತ್ತು. ಊರಿನವರಿಗೆ ಏನು ಕಡಿಮೆ ಮಾಡಿದ್ದೆ? ಧೂಳು ಎಂದು ಗಂಡಸರು ದೂರಿದಾಗ ನಾನೇ ಹಟ ಹಿಡಿದು ಇಪ್ಪತ್ತು ಅಡಿ ಎತ್ತರದ ತಗಡಿನ ಗೋಡೆ ಹಾಕಿಸಿದ್ದೆ. ಅದರ ಮುಂದೆ ನಾನು ಕೈಕಟ್ಟಿ ನಿಂತ ಫೋಟೊ ಕಂಪನಿಯ ಪತ್ರಿಕೆಯಲ್ಲಿ ಬಂದಿತ್ತು.

ಸೈಟಿನಲ್ಲಿ ಹೊಸಬರನ್ನು ಇಲ್ಲದ ವಸ್ತು ತರಲು ಓಡಿಸುವುದು ಹಳೆಯ ಪದ್ಧತಿ. ನಾನು ಅದರ ಉಸ್ತಾದ. ಮಟ್ಟ ನೋಡುವ ಸ್ಪಿರಿಟ್ ಲೆವೆಲ್ಲಿಗೆ ಹೊಸ ಗಾಳಿಗುಳ್ಳೆ ತಾ ಎಂದು ಒಬ್ಬ ಎಂಜಿನಿಯರನ್ನು ಸ್ಟೋರಿಗೆ ಕಳಿಸಿದ್ದೆ. ಒಂದು ಬೆಳಗ್ಗೆ ನನ್ನ ಗೋಡೆಯ ತಂಪಿನಲ್ಲಿ ನಿಂತಾಗ ಸವಿತಾಳನ್ನು ಓಡಿಸಲೂ ಒಂದು ಉಪಾಯ ಹೊಳೆಯಿತು.

"ನೋಡವ್ವಾ, ಒಂದ ಕಾಗದ ಉಳದದ. ಈ ಗ್ವಾಡಿ ನೆರಳಿಗೆ ಎನ್‌ಒಸಿ ತಗೊಂಡಿಲ್ಲ." ಎನ್‌ಒಸಿ ಎಂದರೆ ತಕರಾರಿಲ್ಲವೆಂಬ ಪತ್ರ.

"ನೆರಳಿಗೂ ಬೇಕೇನ್ರಿ ಕಾಕಾ?"

"ಬ್ಯಾಡಾ ಮತ್ತ? ನೆರಳ ನಮ್ದು, ನೆಲಾ ಅವರದು."

ತಲಾಠಿಯ ಹತ್ತಿರ ಹೋದಳು. ಕ್ಯಾಂಟೀನಿನಲ್ಲಿ ಎಲ್ಲರಿಗೂ ಹೇಳಿ ನಗಿಸಿದೆ. ಪೆಚ್ಚುಮೋರೆ ಹಾಕಿಕೊಂಡು ಬರುತ್ತಾಳೆಂದು ಎರಡು ದಿನ ಕಾದೆ. ಮೂರನೇ ದಿನ, ಅವಳು ಗೋಡೆಯ ಆಚೆ ಬದಿಗಿದ್ದಾಳೆಂದು ಯಾರೋ ಹೇಳಿದಾಗ, ತಡೆಯಲಾಗದೆ ನಾನೇ ಅಲ್ಲಿಗೆ ಹೋದೆ.

ಹತ್ತು ಹನ್ನೆರಡು ಹೆಂಗಸರ ನಡುವೆ ಸವಿತಾ ರಂಗೋಲಿ ಡಬ್ಬಿ ಹಿಡಿದು ಕೂತಿದ್ದಳು. ನೆಲದ ಮೇಲೆ ಬಿಳಿ ಗೆರೆಗಳು: ಎರಡು ಗಂಟೆಗೆ ನೆರಳು ಎಲ್ಲಿತ್ತು, ಮೂರಕ್ಕೆ ಎಲ್ಲಿ, ನಾಲ್ಕಕ್ಕೆ ಎಲ್ಲಿ. ಅದು ಮಹಿಳಾ ಸಂಘದವರು ರಾಗಿ ಹಪ್ಪಳ ಒಣಗಿಸುವ ಅಂಗಳ. ಗೋಡೆ ಬಂದ ಮೇಲೆ ಮಧ್ಯಾಹ್ನದ ಬಿಸಿಲೇ ಇಲ್ಲ. ಹಪ್ಪಳ ಬೂಸಲು ಹಿಡಿದು, ಪುಣೆಯ ಅಂಗಡಿಯವರು ತಿರುಗಿ ಕಳಿಸಿದ್ದರು.

"ಮೊದಲೇ ಹೇಳಬಾರದಿತ್ತೇ?" ಎಂದೆ ಮರಾಠಿಯಲ್ಲಿ.

ಸಂಘದ ಮುಖ್ಯಸ್ಥೆ ಪಾರುಬಾಯಿಯೂ ಮರಾಠಿಯಲ್ಲೇ ಉತ್ತರಿಸಿದಳು: "ಮನೆಯಲ್ಲಿ ಹೇಳಿದೆವು. ಸಭೆಯಲ್ಲಿ ಹಪ್ಪಳದ ಮಾತೇನು ಅಂದರು ಗಂಡಸರು. ನೀವೂ ಅವರ ಜೊತೆಗೇ ಚಹಾ ಕುಡಿಯುವವರು, ಸಾಹೇಬ."

ಸವಿತಾ ಗೆರೆಗಳ ನಕ್ಷೆ ಬರೆದು ಶೆಟ್ಟರ ಮುಂದಿಟ್ಟಳು. ಗೋಡೆ ತೆಗೆದರೆ ಧೂಳು. ಅದರ ಬದಲು ನೆರಳು ಮುಟ್ಟದಷ್ಟು ದೂರದಲ್ಲಿ ಹಪ್ಪಳ ಒಣಗಿಸಲು ಒಂದು ಕಾಂಕ್ರೀಟ್ ಕಟ್ಟೆ. ಕಾಂಕ್ರೀಟಿಗೇನು ನಮ್ಮಲ್ಲಿ ಬರವೇ? ವಾರದಲ್ಲಿ ಕಟ್ಟೆ ಎದ್ದಿತು.

ಮೂರನೇ ಸಭೆಗೆ ನಾನು ಭಾಷಣ ಬರೆದುಕೊಂಡು ಹೋಗಿದ್ದೆ. ಪಂಚಾಯಿತಿಯ ಮುಖ್ಯಸ್ಥರಾದ ಸರಪಂಚರು, "ನೀವು ಕೂಡ್ರಿ, ಹುಡುಗಿ ಮಾತಾಡಲಿ" ಎಂದರು. ಅವಳು ಮಾತಾಡಿದ್ದು ನಾಲ್ಕೇ ನಿಮಿಷ. ಹಿಂದಿನ ಸಾಲಿನಲ್ಲಿ ಬಳೆಗಳ ಸದ್ದಾಯಿತು, ಕೈಗಳೆಲ್ಲ ಮೇಲೆದ್ದಿದ್ದವು. ಠರಾವು ಪಾಸಾಯಿತು. ನಾನೂ ಚಪ್ಪಾಳೆ ಹೊಡೆದೆ, ಹಲ್ಲು ಕಚ್ಚಿಕೊಂಡು.

ಮರಳುವಾಗ ಜೀಪಿನಲ್ಲಿ ಕೇಳಿದೆ: "ನೆರಳಿನ ಎನ್‌ಒಸಿ ನನ್ನ ಚ್ಯಾಷ್ಟಿ ಅಂತ ಯಾವಾಗ ಗೊತ್ತಾತು?"

"ಮೊದಲನೇ ದಿನಾನ ರೀ. ತಲಾಠಿ ಸಾಹೇಬ್ರು ಬಿದ್ದ ಬಿದ್ದ ನಕ್ಕರು."

"ಮತ್ತ ತಿರುಗಿ ಬರಲಿಲ್ಲ ಯಾಕ?"

"ಬಂದ್ರ ನೀವು ನಗತಿದ್ರಿ. ಗ್ವಾಡಿ ಹಿಂದ ಅಳಕೋತ ಕುಂತಿದ್ದೆ. ಪಾರುಬಾಯಿ ನೀರ ಕೊಟ್ಟು, ಯಾಕ ಬಂದಿ ಅಂದ್ಳು. ನೆರಳಿನ ಬಗ್ಗೆ ಕೇಳಾಕ ಬಂದೀನಿ ಅಂದೆ. ಆಕಿ ನಗಲಿಲ್ಲ."

 

ಅವಳ ವರದಿಯಲ್ಲಿ 'ಲೈಸನ್ ಅಧಿಕಾರಿಗಳ ಸೂಚನೆಯ ಮೇರೆಗೆ' ಎಂದಿತ್ತು. ಅಕ್ಷರಶಃ ನಿಜ. ಅದನ್ನೋದಿ ಕಂಪನಿ ನನಗೆ ಇನ್ನೊಂದು ವರ್ಷ ಕೊಟ್ಟಿತು. ಈ ಉದ್ಯೋಗ ನನಗೆ ಕಲಿಸಿದ್ದು ಇಷ್ಟು: ಸಹಿ ಮಾಡುವವರ ಜೊತೆ ಚಹಾ ಕುಡಿದರೆ ಸಾಲದು, ಯಾರೂ ಸಹಿ ಕೇಳದಂಥವರ ಅಂಗಳದಲ್ಲೂ ಕೂರಬೇಕು. ಆರು ವಾರಕ್ಕೆಂದು ಬಂದ ಹುಡುಗಿ ಅದನ್ನು ನನಗಿಂತ ಮೊದಲು ಕಲಿತಳೆಂಬ ಹೊಟ್ಟೆಕಿಚ್ಚು ಇನ್ನೂ ಆರಿಲ್ಲ. ಆ ವರ್ಷವಿಡೀ ವಾರಕ್ಕೊಮ್ಮೆ ಹಪ್ಪಳದ ಕಟ್ಟೆಯ ಹತ್ತಿರ ಹೋಗಿ ಕೂರುತ್ತಿದ್ದೆ. ಪಾರುಬಾಯಿ ಪ್ರತಿ ಸಲವೂ ನನ್ನ ಬೆನ್ನ ಹಿಂದೆ ಇಣುಕಿ ಕೇಳುತ್ತಿದ್ದಳು: "ಹುಡುಗಿ ಬರಲಿಲ್ಲವೇ?"