ಷರಾ ಅಂಕಣದ ಪದ

ಪ್ರಗತಿಪತ್ರದಲ್ಲಿ ‘ಷರಾ’ ಎಂಬ ಕಿರಿದಾದ ಅಂಕಣವೊಂದಿರುತ್ತದೆ. ಅದು ಮಕ್ಕಳ ಪ್ರಗತಿಗಿಂತ ಮೇಷ್ಟ್ರ ಪದದಾರಿದ್ರ್ಯವನ್ನೇ ಹೆಚ್ಚಾಗಿ ಪ್ರಕಟಿಸುತ್ತದೆ. ಎಪ್ಪತ್ತರ ದಶಕದ ಕೊನೆಯಲ್ಲಿ, ಕಾರ್ಕಳದಿಂದ ಬಂದು ಕಾಪುವಿನ ಶಾಲೆಯೊಂದರಲ್ಲಿ ಇಂಗ್ಲಿಷ್ ಕಲಿಸುತ್ತಿದ್ದ ನಾನು, ಜಾಣ-ದಡ್ಡರೆಂಬ ಭೇದವೆಣಿಸದೆ ಎಲ್ಲರಿಗೂ ‘ಪರ್ಸಿವಿಯರ್’ ಎಂಬ ಒಂದೇ ಕ್ರಿಯಾಪದವನ್ನು ದಯಪಾಲಿಸಿ ಕೃತಾರ್ಥನಾಗುತ್ತಿದ್ದೆ. ಪಟ್ಟುಬಿಡದೆ ಪ್ರಯತ್ನಿಸು ಎಂದರ್ಥ. ಸ್ವತಃ ನಾನು ಪಟ್ಟುಬಿಡದೆ ಮಾಡುತ್ತಿದ್ದುದೆಂದರೆ, ಶಾಲೆ ಬಿಟ್ಟ ಮೇಲೆ ಆರಾಮಕುರ್ಚಿಯಲ್ಲಿ ತೂಕಡಿಸುವುದು.

ಒಮ್ಮೆ ಮಣಿಪಾಲದ ಗ್ರಂಥಾಲಯದಲ್ಲಿ, ಬಸ್ಸಿಗೆ ಇನ್ನೂ ಹೊತ್ತಿದ್ದುದರಿಂದ, ದಪ್ಪ ನಿಘಂಟು ತೆರೆದು ಆ ಪದದ ಮೂಲ ಹುಡುಕಿದೆ. ಲ್ಯಾಟಿನ್ನಿನಲ್ಲಿ ಅದರ ಬೇರಿಗೆ ‘ಬಹಳ ಕಟ್ಟುನಿಟ್ಟು’ ಎಂಬ ಅರ್ಥವಂತೆ. ಪ್ರಯತ್ನಕ್ಕೂ ಕಟ್ಟುನಿಟ್ಟಿಗೂ ಎಲ್ಲಿಯ ನೆಂಟಸ್ತಿಕೆ, ನೀವೇ ಹೇಳಿ! ಅದನ್ನು ನನಗೆ ತಿಳಿಸಿಕೊಟ್ಟವಳು, ಮನೆಮನೆಗೆ ಮೀನು ಮಾರುತ್ತಿದ್ದ ಗಿರಿಜಕ್ಕ.

ಮಸ್ಕತ್ತಿನಲ್ಲಿದ್ದ ಅವಳ ಗಂಡನ ಕಾಗದ ಬಂದಾಗಲೆಲ್ಲ ಓದಿ ಹೇಳುವವನು ನಾನೇ. ಮನೆಯಲ್ಲಿ ತುಳುವಾಡುವ ನಮ್ಮವರು ಕಾಗದವನ್ನು ಮಾತ್ರ ಶಾಲೆಯ ಕನ್ನಡದಲ್ಲಿ ಬರೆಯುವುದು ವಾಡಿಕೆ. ‘ನಾನು ಕ್ಷೇಮ, ನಿನ್ನ ಕ್ಷೇಮಕ್ಕೆ ಬರೆಯಿಸು.’ ಒಂದೇ ಪುಟಕ್ಕೆ ದಾಂಪತ್ಯ ಮುಗಿಯುತ್ತಿತ್ತು. ಗಂಡನ ಮಾತನ್ನು ಪರರ ಬಾಯಿಂದ ಕೇಳಿ ಕೇಳಿ ಸಾಕಾಗಿ, ಒಂದು ಸಂಜೆ ಅವಳು ನನ್ನ ಮನೆಯ ಜಗಲಿಯಲ್ಲಿ ಬುಟ್ಟಿ ಇಳಿಸಿದಳು.

“ನನಗೆ ಅಕ್ಷರ ಕಲಿಸಿ ಮಾಷ್ಟ್ರೆ. ಅವರ ಕಾಗದ ನಾನೇ ಓದ್ಬೇಕು.”

ನಾಳೆ ನೋಡೋಣ ಎಂದೆ. ಮರುದಿನವೇ ಉಡುಪಿಯಿಂದ ಸ್ಲೇಟು ತಂದು, ನನ್ನ ತೂಕಡಿಕೆಯ ಮುಹೂರ್ತಕ್ಕೆ ಸರಿಯಾಗಿ ಹಾಜರಾದಳು. ಅಲ್ಲಿಂದ ಒಂದು ಸಂಜೆಯೂ ತಪ್ಪಿಸಲಿಲ್ಲ. ಅಕ್ಷರ ಸೊಟ್ಟಗಾದರೆ ನಾನು ಸಾಕೆಂದರೂ ಬಿಡದೆ, ಅಳಿಸಿ ಮತ್ತೆ ಬರೆಯುವಳು. ನನ್ನ ತಲೆ ವಾಲಿತೋ, “ನಿದ್ದೆ ಮಾಡಿದ್ರೆ ಹೇಗೆ? ಇನ್ನೂ ‘ಳ’ ಬಾಕಿ ಉಂಟು!” ಎಂದು ಗದರುವಳು. ನಿಘಂಟು ಸುಳ್ಳು ಹೇಳಿರಲಿಲ್ಲ.

ಎರಡು ಮಳೆಗಾಲ ಕಳೆದ ಮೇಲೆ ಗಂಡನಿಗೆ ತಾನೇ ಕಾಗದ ಬರೆದಳು. ಉತ್ತರ ಬಂದಾಗ ಅಭ್ಯಾಸಬಲದಿಂದ ನಾನು ಕೈಚಾಚಿದೆ, ಅವಳು ಕೊಡಲಿಲ್ಲ. ಜಗಲಿಯ ತುದಿಯಲ್ಲಿ ಕುಳಿತು ತುಟಿಯಾಡಿಸುತ್ತ ಓದಿದಳು. ನಾಲ್ಕು ಪುಟ! ನಡುವೆ ಒಮ್ಮೆ ನಕ್ಕಳು, ಒಮ್ಮೆ ಕಣ್ಣೊರೆಸಿಕೊಂಡಳು.

“ಎಂತ ಬರೆದಿದ್ದಾನೆ?” ಎಂದೆ.

“ಈ ಸಲ ತುಳುವಿನಲ್ಲಿ ಬರೆದಿದ್ದಾರೆ. ನಿಮಗೆ ಹೇಳುವಂಥದ್ದಲ್ಲ ಮಾರಾಯ್ರೆ!”

ಅಷ್ಟು ವರ್ಷ ಆ ಪುಣ್ಯಾತ್ಮ ಹೆಂಡತಿಗಲ್ಲ, ನನಗೇ ಕಾಗದ ಬರೆಯುತ್ತಿದ್ದನೆಂದು ಆಗ ಹೊಳೆದು ಸಂತೋಷವೂ ನಾಚಿಕೆಯೂ ಒಟ್ಟಿಗೇ ಆದವು.

ಆ ವರ್ಷವೂ ಪ್ರಗತಿಪತ್ರಗಳ ಮುಂದೆ ಕುಳಿತೆ. ಷರಾ ಅಂಕಣದಲ್ಲಿ ಅದೇ ಪದವನ್ನೇ ಬರೆದೆ. ಬರೆಯುವ ಮೊದಲು ಮಾತ್ರ ಎದ್ದು ಹೋಗಿ, ಆರಾಮಕುರ್ಚಿಯನ್ನು ಮಡಚಿ ಅಟ್ಟಕ್ಕೆ ಹಾಕಿ ಬಂದೆ.