ಹೆಚ್ಚಿಗೆ ಬಿದ್ದ ಗಂಟು

ಪ್ರಶಸ್ತಿ ಬಂದರೆ ಮನುಷ್ಯರು ಹಿಗ್ಗುತ್ತಾರಂತೆ. ನನಗಂತೂ ಅದರ ಸತ್ಕಾರ ಆದಂದಿನಿಂದ ತುತ್ತು ಗಂಟಲಲ್ಲಿ ಇಳಿದಿಲ್ಲ.

ತಡಸದ ಹತ್ತಿರದ ಸಣ್ಣ ಕಾರ್ಖಾನೆಯೊಂದರಲ್ಲಿ ನಾವು ಎಂಟು ಹೆಣ್ಣುಮಕ್ಕಳು ಉಪಗ್ರಹಗಳ ವೈರು ಕಟ್ಟುತ್ತೇವೆ. ಹೌದು, ಉಪಗ್ರಹಗಳದ್ದೇ. ಹಿರೇಬೆಂಡಿಗೇರಿಯಿಂದ ಬುತ್ತಿ ಹಿಡಿದು ಬಸ್ಸಿಗೆ ಓಡುವವಳು ಹೀಗಂದರೆ ಜನ ನಗುತ್ತಾರೆ, ನಗಲಿ ಬಿಡಿ. ತೆಳ್ಳನೆಯ ವೈರುಗಳನ್ನು ಕಂತೆ ಮಾಡಿ ಮೇಣ ಸವರಿದ ದಾರದಿಂದ ಬಿಗಿಯಬೇಕು. ಎಲ್ಲಿ ಗಂಟು, ಎಷ್ಟು ಗಂಟು ಎಲ್ಲವೂ ನಕ್ಷೆಯಲ್ಲಿದೆ. ಕಟ್ಟುವವಳು ನಾನು, ಗಂಟಿನ ಮೇಲೆ ಅಂಟಿನ ಹನಿ ಬಿಡುವಾಕೆ ಬೇರೆ, ಭೂತಗನ್ನಡಿ ಹಿಡಿದು ನೋಡಿ ಸಹಿ ಹಾಕುವವರು ತಪಾಸಣೆಯ ಸಾಹೇಬರು. ನಾವು ವೈರು ಕಟ್ಟಿದ ಉಪಗ್ರಹವೊಂದು ಮೇಲೆ ಹೋಗಿ ಸುಸೂತ್ರವಾಗಿ ಕೆಲಸ ಮಾಡುತ್ತಿತ್ತು. ಹಾಗಾಗಿ ಬಾಹ್ಯಾಕಾಶದ ಕೆಲಸಕ್ಕೆ ನೆರವಾದವರಿಗೆ ಕೊಡುವ ಪ್ರಶಸ್ತಿ ನಮ್ಮ ಗುಂಪಿಗೆ ಬಂತು. ಹಿರಿಯಳೆಂದು ಪದಕ ನನ್ನ ಕೊರಳಿಗೆ ಬಿತ್ತು.

ಶಿಗ್ಗಾವಿಯವರು ಬಿಡುತ್ತಾರೆಯೇ? ಸತ್ಕಾರ ಇಟ್ಟುಕೊಂಡರು. ಹಾನಗಲ್, ಸವಣೂರಿನಿಂದ ಬೀಗರು ಬಂದರು. ಹಿರೇಕೆರೂರಿನ ಚಿಗವ್ವ ಮೂರು ಬಸ್ಸು ಬದಲಿಸಿ ಬಂದಳು. ನನ್ನ ತಲೆಗೆ ಪೇಟ, ಹೆಗಲಿಗೆ ಶಾಲು, ತೊಡೆಯ ಮೇಲೆ ಹಣ್ಣಿನ ಬುಟ್ಟಿ. ಅವ್ವ ಮುಂದಿನ ಸಾಲಿನಲ್ಲಿ ಎಲ್ಲರಿಗೂ ಕಾಣುವಂತೆ ಕೂತಿದ್ದಳು.

ನಿರೂಪಣೆ ಮಾಡುತ್ತಿದ್ದ ಮಾಸ್ತರರಿಗೆ ಸುಮ್ಮನಿರಲಾಗಲಿಲ್ಲ.

"ಅಕ್ಕಾರ, ಹೆಂಗ ಕಟ್ತೀರಿ ಅಂತ ಒಂದೀಟು ತೋರಸ್ರಿ. ಮಂದಿ ನೋಡ್ಲಿ" ಎಂದು ಮೈಕಿನ ಹಳೆಯ ವೈರುಗಳನ್ನೂ ದಾರದ ಉಂಡೆಯನ್ನೂ ಕೈಗಿತ್ತರು. ನನಗೂ ಸ್ವಲ್ಪ ಕೊಬ್ಬು ಬಂದಿತ್ತೆನ್ನಿ. ಕೈಯ ಕಡೆ ನೋಡದೆ, ಜನರ ಕಡೆ ನೋಡುತ್ತಲೇ ಚಕಚಕನೆ ಕಟ್ಟಿದೆ. ಚಪ್ಪಾಳೆ ಬಿತ್ತು. ಅವ್ವ ಎದ್ದು ನಿಂತು ಕೂಗಿದಳು.

"ನೋಡ್ರಿ ನೋಡ್ರಿ, ಕಡೀಕ ನನ್ನ ಗಂಟು ಹಾಕಿದ್ಲು! ನಾ ಕಲಿಸಿದ್ದು ಮರತಿಲ್ಲ ನನ್ನ ಮಗಳು!"

ಕೆಳಗೆ ನೋಡಿದೆ. ಕೊನೆಯ ಗಂಟಿನ ಮೇಲೆ ಇನ್ನೊಂದು ಗಂಟು ಕೂತಿತ್ತು.

ಅದು ಕೌದಿಯ ಗಂಟು. ಹಳೆಯ ಬಟ್ಟೆಗಳ ಪದರು ಸೇರಿಸಿ ಕೌದಿ ಹೊಲಿದು ಮುಗಿಸುವಾಗ ಅವ್ವ ಕಡೆಯ ಮೂಲೆಯಲ್ಲಿ ರೊಟ್ಟಿಯ ಚೂರು ಇಟ್ಟು ಹೊಲಿಯುತ್ತಾಳೆ, ಹೊಲಿಗೆ ಮುಗಿದ ಮೇಲೂ ಒಂದು ಗಂಟು ಹೆಚ್ಚಿಗೆ ಹಾಕುತ್ತಾಳೆ. ಕೌದಿಯ ಹೊಟ್ಟೆ ತುಂಬಿರಬೇಕು, ತುಂಬಿದ್ದು ಚೆಲ್ಲಬಾರದು ಅಂತ. ಏಳು ವರ್ಷದವಳಿದ್ದಾಗಿನಿಂದ ಅವಳ ಪಕ್ಕ ಕೂತು ಹೊಲಿದ ಕೈ ನನ್ನದು. ಆ ಕೈ ನನ್ನನ್ನು ಕೇಳದೆಯೇ ಗಂಟು ಹಾಕಿತ್ತು. ಕಾರ್ಖಾನೆಯಲ್ಲಿ ಇನ್ನೆಷ್ಟು ಸಲ ಹಾಕಿದೆಯೋ?

ಪೇಟದ ಕೆಳಗೆ ಬೆವರು ಇಳಿಯತೊಡಗಿತು. ಎರಡು ಗಂಟಿದ್ದರೆ ಅಂಟು ಮೇಲಿನದರ ಮೇಲೇ ನಿಂತು ಒಳಗಿನದನ್ನು ಮುಟ್ಟುವುದಿಲ್ಲ. ಗಂಟು ಸಡಿಲಾಗಿ ಎಳೆಯೊಂದು ಬಿಚ್ಚಿ ತೇಲಿ, ತಿರುಗುವ ಭಾಗಕ್ಕೆ ಸಿಕ್ಕಿತೋ, ಮುಗಿಯಿತು ಕತೆ. ಹಾಕದೆ ಬಿಟ್ಟುಹೋದ ಗಂಟನ್ನು ಸಾಹೇಬರು ಹುಡುಕುತ್ತಾರೆ, ಹೆಚ್ಚಿನದನ್ನು ಯಾರು ಹುಡುಕುತ್ತಾರೆ?

ಮೂರು ದಿನ ಬಾಯಿ ಬಿಡಲಿಲ್ಲ. ಹೇಳಿದರೆ ಎಂಟು ಜನರ ಪ್ರಶಸ್ತಿಗೆ ಮಸಿ. ಹೇಳದಿದ್ದರೆ ಮುಂದಿನ ಉಪಗ್ರಹಕ್ಕೆಂದು ಮೇಜಿನ ಮೇಲಿದ್ದ ನಾಲ್ಕು ಕಂತೆಗಳೂ ಹಾಗೇ ಹೋಗುತ್ತಿದ್ದವು. ಜೊತೆಯವರು "ಸತ್ಕಾರದ ಧಿಮಾಕು ನೋಡ್ರಿ, ಮಾತ ಆಡವಲ್ಲಳು" ಎಂದು ಚೇಷ್ಟೆ ಮಾಡಿದರು. ನಾಲ್ಕನೆಯ ದಿನ ಸಾಹೇಬರ ಮುಂದೆ ನಿಂತೆ.

"ಸರ್, ಆ ನಾಲ್ಕು ಕಂತಿ ಇನ್ನೊಮ್ಮೆ ನೋಡ್ರಿ. ನಾ ಹೆಚ್ಚಿಗಿ ಗಂಟು ಹಾಕೇನಿ ಅಂತ ಕಾಣ್ತೈತಿ."

ಅವರು ಬೈಯಲಿಲ್ಲ. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು. ಇಬ್ಬರೂ ತಲೆ ಬಗ್ಗಿಸಿ ನೋಡಿದೆವು. ನಾಲ್ಕರಲ್ಲಿ ಮೂರಕ್ಕೆ ಆ ಗಂಟಿತ್ತು. ಕತ್ತರಿಸಿ, ಹೊಸದಾಗಿ ಕಟ್ಟಿ, ವರದಿ ಬರೆದೆವು. ಆಮೇಲೆ ಸಾಹೇಬರು ಮೆಲ್ಲಗೆ ಕೇಳಿದರು.

"ಮ್ಯಾಲ ಹೋಗಿದ್ದರಾಗ ಎಷ್ಟು ಅದಾವ, ಅಕ್ಕಾರ?"

"ಗೊತ್ತಿಲ್ರಿ ಸರ್."

ಅದನ್ನು ಬಿಚ್ಚಿ ನೋಡುವುದು ಯಾರಿಂದಲೂ ಆಗದು. ನಮಗೆ ಪ್ರಶಸ್ತಿ ಬಂದದ್ದು ಆ ಉಪಗ್ರಹಕ್ಕೇ.

ಅವ್ವನಿಗೆ ಹೇಳಬಾರದೆಂದಿದ್ದೆ. ಅವಳು ಬಿಡಬೇಕಲ್ಲ, ಮುಖ ನೋಡಿಯೇ ಬಾಯಿ ಬಿಡಿಸಿದಳು. ಕೇಳಿ ಗೋಡೆಗೆ ಒರಗಿ ಕೂತುಬಿಟ್ಟಳು. ಅಂದಿನಿಂದ ಬುತ್ತಿ ಕೊಡುವಾಗ ದಿನಾ ಒಂದೇ ಪ್ರಶ್ನೆ: "ಅದು ಇನ್ನೂ ಮಾತಾಡಾಕತ್ತೈತೇನವಾ?" ಸಾಹೇಬರಿಗೆ ಫೋನು ಮಾಡಿ, ಉಪಗ್ರಹದಿಂದ ಸಂಕೇತ ಬರುತ್ತಿದೆಯೆಂದು ಖಾತ್ರಿ ಮಾಡಿಕೊಂಡೇ ನಾನು ಹೂಂ ಅನ್ನುವುದು.

ನಿನ್ನೆ ಅವಳು ಅಲ್ಲಿಗೆ ಬಿಡಲಿಲ್ಲ. "ಅಷ್ಟು ಮಂದಿ ಮುಂದ ನಾ ಯಾಕರ ಒದರಿದ್ನೋ? ಸುಮ್ಮನಿದ್ರ ನಿನಗೂ ಗೊತ್ತ ಆಗ್ತಿದ್ದಿಲ್ಲ" ಎಂದು ಅತ್ತಳು.

"ನೀ ಒದರಿದ್ದಕ್ಕ ಮೂರು ಸಿಕ್ಕಾವು ಬೇ" ಎಂದೆ. ಅವಳ ಅಳು ನಿಲ್ಲಲಿಲ್ಲ.

ಇವತ್ತು ಬೆಳಿಗ್ಗೆ ಅವಳು ಬುತ್ತಿ ಹಿಡಿದು ಬಾಗಿಲಿಗೆ ಬಂದಳು. ಕೇಳುವ ಮೊದಲೇ ಹೂಂ ಅಂದುಬಿಟ್ಟೆ. ಸಾಹೇಬರಿಗೆ ನಾನಿನ್ನೂ ಫೋನು ಮಾಡಿರಲಿಲ್ಲ.