ಅಕ್ಕನ ಬಲಗೈ ಗರ

ಇತ್ತೀಚೆಗೆ ‘ಅಪ್‌ಡೇಟ್’ ಎಂಬ ಪದ ಕಂಡರೆ ಸಾಕು, ನನಗೆ ಬೆನ್ನು ನೋಯುತ್ತದೆ. ಡಾಕ್ಟರಿಗೆ ಹೇಳಿದರೆ ನಕ್ಕಾರು ಎಂದು ನಿಮಗೆ ಮಾತ್ರ ಹೇಳುತ್ತಿದ್ದೇನೆ. ಇಪ್ಪತ್ತು ವರ್ಷ ಓಪನ್ ಸೋರ್ಸ್ ಭಜನೆ ಮಾಡಿದವನು ನಾನು. ನಂಜನಗೂಡಿನ ಕಾಲೇಜಿಗೆ ಕಾಮರ್ಸ್ ಮೇಷ್ಟ್ರಾಗಿ ಸೇರಿದ್ದರೂ ಸ್ಟಾಫ್ ರೂಮಿನಲ್ಲಿ ಹೇಳಿದ ಪಾಠವೇ ಹೆಚ್ಚು. ಸಾಫ್ಟ್‌ವೇರಿನ ಹೊಟ್ಟೆಯೊಳಗೆ ಏನಿದೆ ಎಂದು ಯಾರು ಬೇಕಾದರೂ ನೋಡಬಹುದು, ತಿದ್ದಬಹುದು, ತಿದ್ದಿದ್ದನ್ನು ನಾಲ್ಕು ಜನಕ್ಕೆ ಹಂಚಬಹುದು ಎಂದು ಗಂಟಲು ಹರಿದುಕೊಂಡೆ.

ನನ್ನ ಮಾತು ನಂಬಿ ಕಂಪ್ಯೂಟರಿನ ಸಾಫ್ಟ್‌ವೇರ್ ಬದಲಾಯಿಸಿಕೊಂಡವರು ಹತ್ತು ಹನ್ನೆರಡು ಮನೆಯವರಾದರೂ ಇದ್ದಾರು. ಅವರಲ್ಲಿ ಒಬ್ಬರೂ ಹೊಟ್ಟೆಯೊಳಗೆ ಇಣುಕಲಿಲ್ಲ, ನನಗೆ ಫೋನ್ ಮಾಡಿದರು. ಕವಲಂದೆಯ ರಸಗೊಬ್ಬರದ ಅಂಗಡಿಯವರಂತೂ ಪ್ರಿಂಟರ್ ನಿಂತಾಗಲೆಲ್ಲ, “ಸಾ, ನಿಮ್ ಕಂಪ್ಯೂಟ್ರು ಮನಿಕಂಡ್ಬುಟ್ಟದೆ” ಎನ್ನುತ್ತಿದ್ದರು. ಓಡುವಾಗ ಅವರದು, ಮಲಗಿದಾಗ ನನ್ನದು. ಭಾನುವಾರಗಳು ಹೀಗೇ ಕಳೆದುಹೋದವು.

ಇನ್ನು ನನ್ನ ಎರಡನೆಯ ಹುಚ್ಚು ವಿಡಿಯೋ ಗೇಮು. ಆ ಹುಚ್ಚೂ ಈಗ ಸುಸ್ತಾಗಿದೆ. ಈಗಿನ ಆಟ ಕೊಂಡರೆ ನಮ್ಮದಾಗುವುದಿಲ್ಲ. ಆಡಬೇಕೆಂದಾಗಲೆಲ್ಲ ಎಲ್ಲೋ ದೂರದ ಸರ್ವರಿನ ಅಪ್ಪಣೆ ಬೇಕು. ನಾನು ಪ್ರೀತಿಸಿದ ಕಾರ್ ರೇಸಿನ ಆಟವೊಂದರ ಸರ್ವರನ್ನು ಅದರ ಯಜಮಾನರು ಒಂದು ದಿನ ಮುಚ್ಚಿದರು. ಅಂದಿನಿಂದ ಆ ಆಟ ನನ್ನ ಕಂಪ್ಯೂಟರಿನಲ್ಲಿ ಜಾಗ ಹಿಡಿದು ಸುಮ್ಮನೆ ಕುಳಿತಿದೆ. ಅಳಿಸಲು ಮನಸ್ಸಿಲ್ಲ, ಆಡಲು ಆಗುವುದಿಲ್ಲ. ನಮ್ಮ ಚೌಕಾಬಾರಕ್ಕೆ ಸೀಮೆಸುಣ್ಣದ ಒಂದು ಚೂರು, ನಾಲ್ಕು ಕವಡೆ ಸಾಕಿತ್ತಲ್ಲ ಎಂದು ಆಗಾಗ ಅನ್ನಿಸುತ್ತದೆ.

ಚೌಕಾಬಾರವೆಂದರೆ ಬನ್ನೂರಿನಲ್ಲಿರುವ ನನ್ನ ಅಕ್ಕ ರಾಜಮ್ಮ. ಎದುರುಮನೆ ಜಯಮ್ಮನ ಜೊತೆ ಜಗಲಿಯ ಮೇಲೆ ಮನೆ ಬರೆದು, ಹುಣಸೆಬೀಜದ ಕಾಯಿ ಇಟ್ಟು ಕೂತಳೆಂದರೆ ಮಧ್ಯಾಹ್ನದ ಊಟ ಆರಿಹೋಗುತ್ತಿತ್ತು. ಎರಡು ವರ್ಷದ ಹಿಂದೆ ಲಕ್ವ ಹೊಡೆದು ಅವಳ ಬಲಗೈ ಬೆರಳುಗಳು ಮಡಚದಾದವು. ಅಂಗೈಯಿಂದ ಒತ್ತಬಲ್ಲಳು, ಕವಡೆ ಹಿಡಿಯಲಾರಳು. ಎಡಗೈಯಲ್ಲಿ ಗರ ಹಾಕುವುದು ನಮ್ಮಲ್ಲಿ ಇಲ್ಲ. “ನಾನೇ ಆಕ್ತೀನಿ ಬುಡವ್ವ” ಎಂದು ಜಯಮ್ಮ ಇವಳ ಪರವಾಗಿ ಹಾಕಿದರೆ, “ನಿನ್ ಕೈಲಿ ಬಿದ್ದುದ್ದು ನನ್ ಗರ ಎಂಗಾದದು?” ಎಂದು ಅಕ್ಕ ಎದ್ದುಬಿಟ್ಟಳಂತೆ. ಆಮೇಲೆ ಜಗಲಿಗೇ ಬರಲಿಲ್ಲ. ಗೋಡೆ ಕಡೆ ತಿರುಗಿ ಮಲಗುವುದನ್ನು ಕಲಿತಳು. ನನಗೆ ಹೆದರಿಕೆಯಾಯಿತು.

ಆಗ ನನ್ನ ಹಳೆಯ ಲ್ಯಾಪ್‌ಟಾಪನ್ನು ಅಕ್ಕನ ಮನೆಗೆ ಒಯ್ದು ಅದರಲ್ಲಿ ನಾನೇ ಚೌಕಾಬಾರದ ಪ್ರೋಗ್ರಾಮು ಬರೆದೆ. ವಿಡಿಯೋ ಗೇಮ್ ಆಡುವ ನನ್ನ ಗೇಮ್‌ಪ್ಯಾಡಿಗೆ ಅಂಗೈಯಗಲದ ಒಂದು ಬಟನ್ನು ಕೂರಿಸಿದೆ. ಒತ್ತಿ ಹಿಡಿದಷ್ಟು ಹೊತ್ತು ತೆರೆಯ ಮೇಲೆ ಕವಡೆ ಕುಲುಕುತ್ತದೆ, ಬಿಟ್ಟ ಗಳಿಗೆಗೆ ಬೀಳುತ್ತದೆ. ಬಲಗೈಯದೇ ಗರ. ಅಕ್ಕ ಮೊದಲ ಆಟ ಆಡಿ ಮುಖ ಗಂಟಿಕ್ಕಿದಳು. “ಕಾಯಿ ಕಡೀದೆ ಒಳಮನೆಗೆ ಬುಡ್ತದಲ್ಲೋ. ಎಂಡ್ತಿ ಮನೆ ಆಟವ ತಂದು ನಂಗಿಕ್ತಿದ್ದೀಯಾ?” ನಿಜ. ನಂಜನಗೂಡಿನ ನಮ್ಮ ಅತ್ತೆಮನೆಯಲ್ಲಿ ಎದುರಾಳಿಯ ಕಾಯಿ ಕಡಿಯದಿದ್ದರೂ ಒಳಕ್ಕೆ ಹೋಗಬಹುದು, ಅಕ್ಕನ ಜಗಲಿಯಲ್ಲಿ ಒಂದಾದರೂ ಕಡಿಯಲೇಬೇಕು. ಇಪ್ಪತ್ತೈದು ವರ್ಷದ ಸಂಸಾರದಲ್ಲಿ ನನ್ನ ಕೈ ತಾನಾಗಿ ಹೆಂಡತಿಯ ಕಾನೂನನ್ನೇ ಬರೆದಿತ್ತು. ಅಲ್ಲೇ ಕೂತು ಹತ್ತು ನಿಮಿಷದಲ್ಲಿ ತಿದ್ದಿದೆ. ಜಯಮ್ಮ ಬಂದು ಕೂತರು, ಊಟ ಮತ್ತೆ ಆರತೊಡಗಿತು.

ಒಂದು ವರ್ಷ ನಡೆಯಿತು. ಕಳೆದ ತಿಂಗಳು ಲ್ಯಾಪ್‌ಟಾಪು ಅಪ್‌ಡೇಟ್ ಮಾಡಿಕೊಂಡಿತು, ಗೇಮ್‌ಪ್ಯಾಡ್ ಸತ್ತುಹೋಯಿತು. ನಿಮ್ಮ ಹತ್ತಿರ ಮುಚ್ಚುಮರೆ ಯಾಕೆ, ನನಗೆ ಸಾಕಾಗಿತ್ತು. ಹೊಸದೊಂದು ಟ್ಯಾಬ್ಲೆಟ್ಟಿನಲ್ಲಿ ಯಾರೋ ಮಾಡಿದ ಚೌಕಾಬಾರ ಹಾಕಿಕೊಂಡು ಬಸ್ಸು ಹತ್ತಿದೆ. ಇನ್ನು ನನಗೆ ಯಾರೂ ಫೋನ್ ಮಾಡುವಂತಿಲ್ಲ ಎಂದು ದಾರಿಯುದ್ದಕ್ಕೂ ನೆಮ್ಮದಿಯಾಗಿ ತೂಕಡಿಸಿದೆ.

ಆಟ ಚೆನ್ನಾಗಿಯೇ ಇತ್ತು. ಬಣ್ಣವಿತ್ತು, ಸಂಗೀತವಿತ್ತು, ನಡುನಡುವೆ ಅಡುಗೆ ಎಣ್ಣೆಯ ಜಾಹೀರಾತೂ ಇತ್ತು. ಗಾಜು ಮುಟ್ಟಿದರೆ ಗರ ತಾನಾಗಿ ಬೀಳುತ್ತಿತ್ತು. ಅಕ್ಕ ಎರಡು ಆಟ ಆಡಿ ಅದನ್ನು ಮೊಣಕೈಯಿಂದ ಪಕ್ಕಕ್ಕೆ ತಳ್ಳಿದಳು.

“ಇದೂ ಕಡೀದೆ ಒಳಕ್ಕೆ ಬುಡ್ತದೆ. ತಿದ್ದು.”

“ಇದ ನಾನು ತಿದ್ದಕಾಗಕಿಲ್ಲ ಅಕ್ಕ. ಬೀಗ ಆಕವ್ರೆ.”

“ಯಾರು ಮಾಡಿದ್ದು?”

“ಗೊತ್ತಿಲ್ಲ.”

“ನಿಂದಾದ್ರೆ ನಿನ್ನ ಬೈತಿದ್ದೆ, ಸರಿಯಾಗ್ತಿತ್ತು. ಇದುಕ್ಕೆ ಯಾರ್ನ ಬೈಲಿ?” ಎಂದು ಅಕ್ಕ ಗೋಡೆ ಕಡೆ ತಿರುಗಿದಳು.

ಇಪ್ಪತ್ತು ವರ್ಷ ಸ್ಟಾಫ್ ರೂಮಿನಲ್ಲಿ ನಾನು ಹೇಳಲಾಗದೆ ಒದ್ದಾಡಿದ್ದನ್ನು ಅಕ್ಕ ಒಂದೇ ಉಸಿರಿಗೆ ಹೇಳಿ ಮಲಗಿದ್ದಳು. ನಾನು ಸ್ವಾತಂತ್ರ್ಯ, ಸಮುದಾಯ ಎಂದೆಲ್ಲ ದೊಡ್ಡ ಮಾತಾಡುತ್ತಿದ್ದೆ. ಬೈಯಲು ಒಬ್ಬ ಮನುಷ್ಯ ಇರಬೇಕು ಎಂದಿದ್ದರೆ ಸಾಕಿತ್ತು. ಕವಲಂದೆಯವರ ಫೋನೂ ನೆನಪಾಗಿ ನಾಚಿಕೆಯಾಯಿತು.

ಅಟ್ಟದಿಂದ ಲ್ಯಾಪ್‌ಟಾಪು ಇಳಿಸಿ ಜಗಲಿಯಲ್ಲಿ ಕೂತೆ. ಬೆನ್ನು ನೋಯುತ್ತಲೇ ಇತ್ತು. ಅಪ್‌ಡೇಟಾದ ಮೇಲೆ ಕಂಪ್ಯೂಟರು ಗೇಮ್‌ಪ್ಯಾಡನ್ನು ಬೇರೆ ಹೆಸರಿನಿಂದ ಗುರುತಿಸುತ್ತಿತ್ತು, ನನ್ನ ಪ್ರೋಗ್ರಾಮು ಹಳೆಯ ಹೆಸರನ್ನೇ ಹುಡುಕುತ್ತಿತ್ತು. ಅದನ್ನು ಪತ್ತೆಹಚ್ಚಲು ಮೂರು ಗಂಟೆ ಹಿಡಿಯಿತು, ತಿದ್ದಲು ಒಂದು ಸಾಲು. ಅಷ್ಟರಲ್ಲಿ ಅಕ್ಕ ಗೋಡೆ ಹಿಡಿದುಕೊಂಡು ಬಂದು ಪಕ್ಕದಲ್ಲಿ ಕೂತಿದ್ದಳು.

ಬಲಗೈಯನ್ನು ಎಡಗೈಯಿಂದ ಎತ್ತಿ ಬಟನ್ನಿನ ಮೇಲಿಟ್ಟು ಒತ್ತಿದಳು. ಕವಡೆ ಕುಲುಕಿತು. ಬಹಳ ಹೊತ್ತು ಬಿಡಲೇ ಇಲ್ಲ. ಬಿಟ್ಟಾಗ ಬಿದ್ದದ್ದು ಬರೀ ಒಂದು.

“ಏನ್ಲಾ ಇದು? ಮೂರ್ ಗಂಟೆ ಕೂತು ಇಂತಾ ಕವಡೆ ಮಾಡಿದ್ದೀಯಲ್ಲ” ಎಂದು ಶುರುಮಾಡಿದಳು. ನಾನು ಬೆನ್ನಿಗೆ ದಿಂಬು ಕೊಟ್ಟುಕೊಂಡು, ಕೊನೆಯವರೆಗೂ ಕೂತು ಬೈಸಿಕೊಂಡೆ.